ಬರೆಸಿದಾಗ ಅರ್ಧ, ಹಾಡಿದಾಗ ಪೂರ್ತಿ

ಮಂಗಳೂರಿನ ಗ್ರಂಥಾಲಯವೊಂದರಲ್ಲಿ ಕಳೆದ ವಾರ ತುಳುವಿನ ಮೌಖಿಕ ಕಾವ್ಯವಾದ ಸಿರಿ ಮಹಾಕಾವ್ಯದ ಎರಡು ದಪ್ಪ ಸಂಪುಟಗಳು ಕೈಗೆ ಸಿಕ್ಕವು. ರೋಮನ್ ಲಿಪಿಯಲ್ಲಿ ತುಳು, ಎದುರಿಗೆ ಇಂಗ್ಲಿಷ್. ಸಂಜೆ ಬಾಗಿಲು ಹಾಕುವ ತನಕ ಏಳಲು ಮನಸ್ಸಾಗಲಿಲ್ಲ.

ಸತ್ಯನಾಪುರದ ಅಜ್ಜ ಬೆರ್ಮು ಆಳ್ವ, ಗಂಡ ಕಾಂತು ಪೂಂಜನನ್ನು ಬಿಟ್ಟು ಹೊರಟ ಸಿರಿ, ಚೆನ್ನೆಮಣೆಯ ಮುಂದೆ ಜಗಳವಾಡಿದ ಅವಳಿ ಅಕ್ಕತಂಗಿಯರಾದ ಅಬ್ಬಗ–ದಾರಗ: ಕಥೆ ಕರಾವಳಿಯವರಿಗೆ ಹೊಸದಲ್ಲ. ತುಳುವಿನ ಹಾಡುಗಥೆಗಳಾದ ಪಾಡ್ದನಗಳ ಸಂಗ್ರಹವೂ ಹಳೆಯದೇ. ಬಾಸೆಲ್ ಮಿಷನ್ 1886ರಲ್ಲೇ ಮ್ಯಾನರ್ ಅವರ ‘ಪಾಡ್ದನೊಳು’ ಅಚ್ಚು ಹಾಕಿತ್ತು. ಆದರೆ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ್ದೇ ಬೇರೆ. ಜಾನಪದ ವಿದ್ವಾಂಸರಾದ ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ದಿನಗಟ್ಟಲೆ ಕೂತು ಕೇಳಿ ಧ್ವನಿ ಹಿಡಿದರು. 1998ರಲ್ಲಿ ಹೆಲ್ಸಿಂಕಿಯಿಂದ ಪುಸ್ತಕ ಬಂತು: 15,683 ಸಾಲು.

ಹೋಮರನ ‘ಇಲಿಯಡ್’ ಸಾಮಾನ್ಯ ಲೆಕ್ಕದಲ್ಲಿ 15,693. ಹತ್ತೇ ಸಾಲಿನ ಅಂತರ! ಇದು ಕಣ್ಣಿಗೆ ಬಿದ್ದ ಮೇಲೆ ಪುಟ ಹಿಂದೆ ಮುಂದೆ ಮಾಡುತ್ತಲೇ ಇದ್ದೆ. ಆದರೂ ಈ ಹೋಲಿಕೆಯನ್ನು ಹೆಚ್ಚು ನೆಚ್ಚಲಾರೆ. ಗ್ರೀಕ್ ಸಾಲನ್ನು ಛಂದಸ್ಸು ಅಳೆಯುತ್ತದೆ. ಇಲ್ಲಿ ಸಾಲು ಎಲ್ಲಿ ಮುರಿಯಬೇಕೆಂದು ಹಾಡಿಕೆಯನ್ನು ಕೇಳಿ ಬರೆದುಕೊಂಡವರು ತೀರ್ಮಾನಿಸಬೇಕು. ಸಿರಿಯ ದೊಡ್ಡತನಕ್ಕೆ ಹೋಮರನ ಸಾಕ್ಷಿಯೂ ಬೇಕಿಲ್ಲ.

ನನಗೆ ನಿಜಕ್ಕೂ ರೋಮಾಂಚನ ತಂದದ್ದು ಇನ್ನೊಂದು ಸಂಗತಿ. ಇದೇ ನಾಯ್ಕರು ಕೆಲವು ವರ್ಷ ಮೊದಲು ಇದೇ ಕಥೆಯನ್ನು ಹೇಳಿ ಬರೆಸಿದ್ದರು. ಅದು ಹೆಚ್ಚುಕಡಿಮೆ ಅರ್ಧದಷ್ಟೇ! ಬರೆಸುವಾಗ ಪೆನ್ನಿಗಾಗಿ ಕಾಯಬೇಕು, ರಾಗ ಇಲ್ಲ. ದೂತ ಕೇಳಿಸಿಕೊಂಡ ಮಾತನ್ನು ಹೋದಲ್ಲಿ ಮತ್ತೆ ಅಕ್ಷರಶಃ ಒಪ್ಪಿಸುವುದು ಹಾಡಿನ ಜೀವ, ಬರೆಸುವವನಿಗೆ ಅದು ದಂಡ ಅನ್ನಿಸಿಬಿಡುತ್ತದೆ. ಗದ್ದೆಯಲ್ಲಿ ನಾಟಿಯ ಹೆಂಗಸರು ದನಿಗೂಡಿಸಿದರೆ, ಸಿರಿ ಜಾತ್ರೆಯಲ್ಲಿ ಪಿಂಗಾರ, ಅಂದರೆ ಅಡಿಕೆ ಹೂ, ಹಿಡಿದು ಆವೇಶಗೊಂಡ ‘ಸಿರಿ’ ಹೆಂಗಸರ ಮುಂದೆ ಹಾಡುಗಾರ ಸಿರಿಯ ಮಗ ಕುಮಾರನಾಗಿ ನಿಂತರೆ, ಅದೇ ಕಥೆ ಬೇರೆ ಬೇರೆ ಮೈ ತಾಳುತ್ತದೆ.

ಹಾಗಾಗಿ ಕೈಬರಹದ ಹಳೆಯ ಸಂಗ್ರಹಗಳಲ್ಲಿ ಚಿಕ್ಕದಾಗಿ ಕಾಣುವ ಪಾಡ್ದನಗಳನ್ನು ನಾನಿನ್ನು ಚಿಕ್ಕವೆಂದು ನಂಬಲಾರೆ. ಈಗಲೂ ಎಷ್ಟೋ ಕಡೆ ವೇದಿಕೆಯಲ್ಲಿ ಹತ್ತು ನಿಮಿಷ ಹಾಡಿಸಿ, ಮೊಬೈಲಿನಲ್ಲಿ ಹಿಡಿದು, ದಾಖಲೆ ಆಯಿತು ಅನ್ನುತ್ತೇವೆ. ಹಾಡುವವರು ತಾವಾಗಿ ನಿಲ್ಲಿಸುವ ತನಕ ಕೂತಿರಬೇಕು. ಎಲ್ಲಿ, ಯಾವಾಗ, ಯಾರ ಮುಂದೆ ಹಾಡಿದ್ದೆಂದು ಗುರುತು ಹಾಕಿಕೊಳ್ಳಬೇಕು. ನಾಯ್ಕರ ಆ ದನಿಯೂ ಪುಸ್ತಕದ ಜೊತೆಗೇ ತುಳುನಾಡಿನ ಪ್ರತಿ ತಾಲ್ಲೂಕಿನ ಗ್ರಂಥಾಲಯದಲ್ಲಿ ಕೇಳಸಿಗಬೇಕು.