ಮೊದಲ ಮಳೆಗೆ ಇಳಿದು ಬರುವ ರಾಣಿ

ಇರುವೆಗೆ ರೆಕ್ಕೆ ಬಂತೆಂದರೆ ಅದರ ಆಯಸ್ಸು ಮುಗಿಯಿತು ಅಂತ ಊರಲ್ಲಿ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಈ ಮಾತು ಅರ್ಧ ಮಾತ್ರ ನಿಜ. ಗಂಡಿರುವೆಗೆ ಅದು ಕೊನೆಯ ಹಾರಾಟವೇ. ಆದರೆ ರಾಣಿಯ ಸಂಸಾರ ಶುರುವಾಗುವುದೇ ಆವತ್ತು. ಯುರೋಪಿನ ಕಪ್ಪು ತೋಟದಿರುವೆಯ ಒಂದು ರಾಣಿ ಸಾಕಿದವರ ಬಳಿ 28 ವರ್ಷಕ್ಕೂ ಹೆಚ್ಚು ಬದುಕಿದ ದಾಖಲೆಯಿದೆ!

ಇಂಥ ರಾಣಿಯನ್ನು ಹುಡುಕಿ ಸಾಕುವ ಹವ್ಯಾಸ ಹಲವು ದೇಶಗಳಲ್ಲಿದೆ. ನೀವೂ ನೋಡಬೇಕೇ? ಹಾಗಾದರೆ ಮೊದಲ ನಿಯಮ: ಗೂಡು ಅಗೆಯಬೇಡಿ. ಒಂದೇ ರಾಣಿಯಿರುವ ಗೂಡಿನಿಂದ ಅವಳನ್ನು ಕಿತ್ತರೆ ಹೊಸ ಕೆಲಸಗಾರರು ಹುಟ್ಟುವುದೇ ಇಲ್ಲ. ಉಳಿದವು ಒಂದೊಂದಾಗಿ ಸತ್ತು ಇಡೀ ಗೂಡು ಖಾಲಿಯಾಗುತ್ತದೆ. ಅಗೆಯುವ ಬದಲು ಮಳೆಗೆ ಕಾಯಿರಿ. ರಾಣಿ ತಾನಾಗಿಯೇ ಹೊರಗೆ ಬರುತ್ತಾಳೆ.

ಮುಂಬೈ, ಪುಣೆ, ಹೈದರಾಬಾದಿನವರಿಗೆ ಜೂನ್, ದೆಹಲಿಯವರಿಗೆ ಜೂನ್ ಕೊನೆ ಅಥವಾ ಜುಲೈ, ಚೆನ್ನೈನವರಿಗೆ ಅಕ್ಟೋಬರ್ ನಂತರದ ಮಳೆ. ಒಳ್ಳೆಯ ಮಳೆ ಬಿದ್ದು ನಿಂತ, ಗಾಳಿಯಿಲ್ಲದ ಸಂಜೆ ಅಂಗಳದಲ್ಲಿ, ಬೀದಿದೀಪದ ಕೆಳಗೆ ಕಣ್ಣಾಡಿಸಿ. ರೆಕ್ಕೆಯಿದ್ದದ್ದೆಲ್ಲ ಇರುವೆಯಲ್ಲ, ಹುಷಾರು! ನಾಲ್ಕು ರೆಕ್ಕೆಯೂ ಒಂದೇ ಉದ್ದ, ಸೊಂಟವೇ ಕಾಣದು ಎಂದರೆ ಅದು ಗೆದ್ದಲು. ಇರುವೆಗೆ ಸೊಂಟ ಸಣ್ಣ, ಮುಂದಿನ ರೆಕ್ಕೆ ಉದ್ದ, ಮೀಸೆ ಮೊಣಕೈಯಂತೆ ಬಾಗಿರುತ್ತದೆ.

ನಿಮಗೆ ಬೇಕಾದವಳು ರೆಕ್ಕೆ ಉದುರಿಸಿಕೊಂಡು ನೆಲದ ಮೇಲೆ ಒಂಟಿಯಾಗಿ ಓಡಾಡುತ್ತಿರುವ ದಪ್ಪ ಇರುವೆ. ನಾವು ಗೊದ್ದ ಎನ್ನುತ್ತೇವಲ್ಲ, ಆ ದೊಡ್ಡ ಕಪ್ಪಿರುವೆಯ ರಾಣಿ ಒಂದೂವರೆ ಸೆಂಟಿಮೀಟರಿಗೂ ಉದ್ದ. ಹಾರಾಟದ ಸ್ನಾಯುಗಳಿರುವುದರಿಂದ ಎದೆಭಾಗ ಉಬ್ಬಿರುತ್ತದೆ, ರೆಕ್ಕೆಯಿದ್ದ ಜಾಗದಲ್ಲಿ ಗುರುತು ಉಳಿದಿರುತ್ತದೆ. ಇನ್ನೂ ರೆಕ್ಕೆ ಹೊತ್ತವಳನ್ನು ಬಿಟ್ಟುಬಿಡಿ, ಅವಳ ಮದುವೆ ಇನ್ನೂ ಆಗಿಲ್ಲದಿರಬಹುದು.

ಸಿಕ್ಕಳೇ? ಒಂದು ಟೆಸ್ಟ್ ಟ್ಯೂಬಿನ ಮೂರನೇ ಒಂದು ಭಾಗಕ್ಕೆ ನೀರು ತುಂಬಿ, ಹತ್ತಿಯಿಂದ ಬಿಗಿಯಾಗಿ ತಡೆಯಿರಿ. ರಾಣಿಯನ್ನು ಒಳಗೆ ಬಿಟ್ಟು, ಬಾಯಿಗೂ ಹತ್ತಿಯಿಟ್ಟು ಕತ್ತಲಲ್ಲಿಡಿ. ಗೊದ್ದದ ರಾಣಿಗೆ ಈಗ ಊಟ ಬೇಕಿಲ್ಲ. ಇನ್ನು ಬೇಡವಾದ ಹಾರಾಟದ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿಕೊಂಡೇ ಅವಳು ಮೊದಲ ಮಕ್ಕಳನ್ನು ಸಾಕುತ್ತಾಳೆ. ತಾನು ಉಪವಾಸ, ಮಕ್ಕಳಿಗೆ ಊಟ! ಪದೇ ಪದೇ ಟ್ಯೂಬು ಎತ್ತಿ ನೋಡಿದರೆ ಗಾಬರಿಯಾಗಿ ತನ್ನ ಮೊಟ್ಟೆಯನ್ನೇ ತಿಂದುಬಿಡಬಹುದು. ವಾರಕ್ಕೊಮ್ಮೆ ಇಣುಕಿದರೆ ಸಾಕು. ಒಂದೆರಡು ತಿಂಗಳಲ್ಲಿ ಪುಟಾಣಿ ಕೆಲಸಗಾರರು ಹೊರಬರುತ್ತವೆ. ಆಮೇಲೆ ಒಂದು ಹನಿ ಸಕ್ಕರೆ ನೀರು, ಸತ್ತ ಹುಳುವಿನ ಒಂದು ಚೂರು ಕೊಡಿ.

ಹೊರಗೆ ಇಂಥ ರಾಣಿಯರಲ್ಲಿ ಬಹುಪಾಲು ಹಕ್ಕಿ, ಹಲ್ಲಿ, ಜೇಡಗಳ ಪಾಲಾಗುತ್ತಾರೆ. ಆದ್ದರಿಂದ ಒಬ್ಬಳನ್ನು ತಂದರೆ ಪ್ರಕೃತಿಗೇನೂ ನಷ್ಟವಿಲ್ಲ. ಆದರೆ ಆಸೆ ಅಲ್ಲಿಗೇ ನಿಲ್ಲಬೇಕು. 2025ರಲ್ಲಿ ಕೀನ್ಯಾದಲ್ಲಿ ಸುಮಾರು 5000 ರಾಣಿಯರನ್ನು ಟ್ಯೂಬುಗಳಲ್ಲಿ ತುಂಬಿಟ್ಟುಕೊಂಡಿದ್ದವರು ಸಿಕ್ಕಿಬಿದ್ದು ಕೋರ್ಟಿನಲ್ಲಿ ದಂಡ ತೆತ್ತರು. ನಮ್ಮಲ್ಲೂ ಬೊರಿವಲಿಯ ಸಂಜಯ್ ಗಾಂಧಿ ಉದ್ಯಾನ, ಚೆನ್ನೈನ ಗಿಂಡಿಯಂಥ ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಜೀವಿಗಳನ್ನು ಒಯ್ಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ. ಒಂದೂರಿನ ಇರುವೆಯನ್ನು ಇನ್ನೊಂದೂರಲ್ಲಿ ಬಿಡುವುದೂ ಬೇಡ. ಸಾಕಲು ಆಗದಿದ್ದರೆ, ಸಿಕ್ಕಿದ ಜಾಗದಲ್ಲೇ ಒದ್ದೆ ಮಣ್ಣಿನ ಮೇಲೆ ಬಿಟ್ಟುಬಿಡಿ.

ಈ ಸಲ ಮಳೆ ನಿಂತ ಸಂಜೆ ಮಕ್ಕಳನ್ನೂ ಕರೆದುಕೊಂಡು ಒಂದು ಟಾರ್ಚ್ ಹಿಡಿದು ಕೆಳಗಿಳಿಯಿರಿ.