ರಿಮೋಟು ಕೊಳ್ಳುವ ಮುನ್ನ

ಟಿ.ವಿ.ಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು ರಿಮೋಟು. ಮನೆಯ ಹಿರಿಯರಿಗೆ ಗೊಂದಲ. ಎರಡಕ್ಕೂ ಒದಗುವ ಯೂನಿವರ್ಸಲ್ ರಿಮೋಟು ಪೇಟೆಯಲ್ಲಿ ದೊರೆಯುತ್ತದೆ.

ಹಳೆಯದು ಕೆಟ್ಟಿತೆಂದು ಹೊಸದಕ್ಕೆ ಹಣ ಹಾಕುವ ಮುನ್ನ ಪರೀಕ್ಷಿಸಿರಿ. ಹೊಸ ಸೆಲ್ ಹಾಕಿ, ರಿಮೋಟಿನ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿರಿ. ಪರದೆಯಲ್ಲಿ ಬೆಳಕು ಮಿನುಗಿದರೆ ಅದು ಬರಿಗಣ್ಣಿಗೆ ಕಾಣದ ಅವಕೆಂಪು ಕಿರಣ. ಆಗ ದೋಷ ಟಿ.ವಿ.ಯಲ್ಲಿಯೇ ಇರಬಹುದು. ಮಾತಿಗೆ ಓಗೊಡುವ ಬ್ಲೂಟೂತ್ ರಿಮೋಟಿಗೆ ಈ ಪರೀಕ್ಷೆ ಸಲ್ಲದು.

ಕೊಳ್ಳಲೇಬೇಕಾದರೆ ಟಿ.ವಿ., ಬಾಕ್ಸುಗಳ ಕಂಪನಿ ಹಾಗೂ ಮಾಡೆಲ್ ನಂಬರು ಬರೆದುಕೊಂಡು ಹೋಗಿರಿ. ಹೊಂದದಿದ್ದರೆ ಬದಲಿಸಿಕೊಡುವರೇ ಎಂದು ಮೊದಲೇ ಕೇಳಿರಿ. ಜೊತೆಯ ಚೀಟಿಯಲ್ಲಿ ನಿಮ್ಮ ಕಂಪನಿಗೆ ಹಲವು ಕೋಡ್ ಸಂಖ್ಯೆಗಳಿರುತ್ತವೆ. ಒಂದು ಹೊಂದದಿದ್ದರೆ ಮುಂದಿನದನ್ನು ಒತ್ತಿ ನೋಡಿರಿ. ಹೊಂದಿದ ಸಂಖ್ಯೆಯನ್ನು ರಿಮೋಟಿನ ಬೆನ್ನಿಗೆ ಬರೆದು ಅಂಟಿಸಿರಿ. ಸೆಲ್ ತೆಗೆದಾಗ ಕೆಲವು ರಿಮೋಟುಗಳು ಅದನ್ನು ಮರೆತುಬಿಡುತ್ತವೆ.