‘ಯು’ ತಲೆಯ ಮೇಲಿನ ಎರಡು ಚುಕ್ಕೆ

ಪ್ರಶ್ನೆ: ಜರ್ಮನಿಯ ಮ್ಯೂಲರ್ ಎಂಬುವರಿಗೆ ಇಮೇಲ್ ಬರೆಯುವಾಗ ಅವರ ಹೆಸರಿನ ಇಂಗ್ಲಿಷ್ ‘ಯು’ ಮೇಲೆ ಎರಡು ಚುಕ್ಕೆ ಮೂಡಿಸುವುದು ಹೇಗೆ? ಒಮ್ಮೊಮ್ಮೆ ಅಲ್ಲಿ ಅರ್ಥವಿಲ್ಲದ ಎರಡು ಚಿಹ್ನೆ ಕಾಣುವುದೇಕೆ?

ಉತ್ತರ: ಫೋನಿನಲ್ಲಿ ‘ಯು’ ಕೀಲಿಯನ್ನು ಒತ್ತಿ ಹಿಡಿಯಿರಿ, ಚುಕ್ಕೆಯ ಅಕ್ಷರ ಮೇಲೇಳುತ್ತದೆ. ವಿಂಡೋಸ್‌ನಲ್ಲಿ ನಮ್ ಲಾಕ್ ಹಾಕಿ, ಆಲ್ಟ್ ಹಿಡಿದು, ಬಲಬದಿಯ ಅಂಕಿಗಳಲ್ಲಿ 0252 ಒತ್ತಿ ಬಿಡಿ. ಮೇಲ್ಸಾಲಿನ ಅಂಕಿಗಳಿಂದ ಇದು ಆಗದು. ಮ್ಯಾಕ್‌ನಲ್ಲಿ ಆಪ್ಷನ್ ಜೊತೆ ‘ಯು’ ಒತ್ತಿ, ಕೈ ತೆಗೆದು, ಮತ್ತೆ ‘ಯು’ ಒತ್ತಬೇಕು. ದಿನವೂ ಬರೆಯುವವರು ಜರ್ಮನ್ ಕೀಲಿಮಣೆಯನ್ನೇ ಸೇರಿಸಿಕೊಳ್ಳುವುದು ವಾಸಿ. ಅದರಲ್ಲಿ ‘ವೈ’ ಮತ್ತು ‘ಝಡ್’ ಜಾಗ ಬದಲಿಸಿಕೊಂಡಿರುತ್ತವೆ, ಎಚ್ಚರ!

ಇನ್ನು ವಿಚಿತ್ರ ಚಿಹ್ನೆಗಳ ಮಾತು. ಇಮೇಲ್ ಹುಟ್ಟಿದ್ದು ಆಸ್ಕಿ ಎಂಬ ಅಕ್ಷರ-ಸಂಕೇತಪದ್ಧತಿಯ ಕಾಲದಲ್ಲಿ; ಅದರ 128 ಸಂಕೇತಗಳಲ್ಲಿ ಚುಕ್ಕೆಯ ‘ಯು’ಗೆ ಜಾಗವಿರಲಿಲ್ಲ. 1992ರಲ್ಲಿ ಬಂದ ಮೈಮ್ ಎಂಬ ನಿಯಮಾವಳಿಯಿಂದ, ಪತ್ರ ಯಾವ ಸಂಕೇತಪದ್ಧತಿಯಲ್ಲಿದೆ ಎಂದು ಅದರ ತಲೆಬರಹದಲ್ಲೇ ಸಾರುವುದು ಸಾಧ್ಯವಾಯಿತು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಸಂಕೇತಪದ್ಧತಿಯಲ್ಲಿ ಈ ಅಕ್ಷರಕ್ಕೆ ಎರಡು ಬೈಟ್. ಓದುವ ತಂತ್ರಾಂಶ ಹಳೆಯ ಯುರೋಪಿಯನ್ ಪದ್ಧತಿಯೆಂದು ಭಾವಿಸಿದರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ತೋರಿಸುತ್ತದೆ. ಕನ್ನಡದ ‘ಕ’ಕ್ಕೆ ಮೂರು ಬೈಟ್ ಬೇಕು, ಹಾಗಾಗಿ ನಮ್ಮ ಪತ್ರ ಕೆಟ್ಟರೆ ಇನ್ನೂ ಹೆಚ್ಚು ಕೆಡುತ್ತದೆ.

ಏನೂ ಕೈಗೂಡದಿದ್ದರೆ ‘ಯು’ ಆದ ಮೇಲೆ ‘ಇ’ ಸೇರಿಸಿ ಬರೆಯಿರಿ. ಜರ್ಮನ್ನರೇ ಒಪ್ಪಿಕೊಂಡ ರೂಢಿ ಅದು. ಬರೀ ‘ಯು’ ಬರೆಯುವುದಕ್ಕಿಂತ ಮರ್ಯಾದೆಯದು.